ಎತ್ತುವುದು ಬೇರೆ, ಹೊರುವುದು ಬೇರೆ

ಹೋದ ವರ್ಷ ಡಿಸೆಂಬರಿನಲ್ಲಿ ನನ್ನ ಸೊಂಟ ಉಳುಕಿತು. ಗಂಗಾವತಿಯ ಮಿಲ್ಲುಗಳಿಗೆ ಅದು ಪುರುಸೊತ್ತೇ ಇಲ್ಲದ ಕಾಲ. ಭತ್ತದ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಂತಿರುತ್ತವೆ. ನಾನು ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಅವತ್ತು ರಾತ್ರಿ ಎಂಟೂವರೆಗೆ ಖಾತೆ ಮುಚ್ಚಿ ಜಿಮ್ಮಿಗೆ ಹೋದೆ, ಡೆಡ್‌ಲಿಫ್ಟ್ ಮಾಡಲು. ನೆಲದ ಮೇಲಿರುವ ಭಾರದ ರಾಡನ್ನು ಎರಡೂ ಕೈಯಲ್ಲಿ ಹಿಡಿದು ನೇರ ನಿಲ್ಲುವತನಕ ಎತ್ತುವ ಕಸರತ್ತು ಅದು. ರಾಡಿನ ಎರಡೂ ಕಡೆ 20ರ ಪ್ಲೇಟು ನಾಲ್ಕು ನಾಲ್ಕು ಹಾಕಿದೆ. ರಾಡಿನದೇ 20 ಸೇರಿ ಒಟ್ಟು 180 ಕೆಜಿ. ಎಳೆದೆ. ರಾಡು ನೆಲ ಬಿಟ್ಟಿತು. ಮೊಣಕಾಲಿನ ಹತ್ತಿರ ಬರುವಷ್ಟರಲ್ಲಿ ಸೊಂಟದ ಎಡಗಡೆ ಹಳೇ ಬಟ್ಟೆ ಹರಿದ ಹಾಗೆ ಏನೋ ಆಯಿತು. ರಾಡು ಕೈಯಿಂದ ಜಾರಿತು. ಮ್ಯಾಟಿನ ಮೇಲೆ ಮೊಣಕಾಲೂರಿ ಕೂತವನಿಗೆ ಹತ್ತು ನಿಮಿಷ ಏಳಲು ಆಗಲಿಲ್ಲ. ಇಬ್ಬರು ಹುಡುಗರು ಬಂದು ತೋಳು ಹಿಡಿದು ಎಬ್ಬಿಸಿದರು.

ಮರುದಿನ ಡಾಕ್ಟರ್ ಬೆನ್ನು ಒತ್ತಿ ನೋಡಿದರು, ಮಲಗಿಸಿ ಕಾಲು ಎತ್ತಿಸಿ ನೋಡಿದರು. ಸ್ನಾಯು ಎಳೆದುಕೊಂಡಿದೆ, ನರಕ್ಕೆ ಏನೂ ಆದಂತಿಲ್ಲ ಅಂದರು. ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ, ಕಾಲಿನ ಬಲ ಕಡಿಮೆಯಾದರೆ ಕೂಡಲೇ ಬರಬೇಕು ಅಂದರು. ಮೂತ್ರದ ಹಿಡಿತ ತಪ್ಪಿದರಂತೂ ಒಂದು ತಾಸೂ ಕಾಯಬಾರದು, ಸೀದಾ ದೊಡ್ಡಾಸ್ಪತ್ರೆಗೆ ಹೋಗಬೇಕು ಅಂದರು. ಸುಮ್ನೆ ಮಲಗಬೇಡಿ, ಆದಷ್ಟು ನಡೆದಾಡಿ ಅಂತಲೂ ಹೇಳಿದರು. ನನಗೆ ಅವ್ಯಾವ ಅಪಾಯದ ಗುರುತೂ ಇರಲಿಲ್ಲ. ಆದರೆ ಮೂರು ವಾರ ಬೂಟಿನ ದಾರ ನಾನೇ ಕಟ್ಟಿಕೊಳ್ಳಲು ಆಗಲಿಲ್ಲ. ಶನಿವಾರ ಅಂಜನಾದ್ರಿಯ 575 ಮೆಟ್ಟಿಲು ಹತ್ತುವುದು ನನ್ನ ರೂಢಿ. ಅದೂ ನಿಂತಿತು.

ಮನೆಯಲ್ಲಿ, ಮಿಲ್ಲಿನಲ್ಲಿ ಎಲ್ಲರದೂ ಒಂದೇ ಮಾತು: ಡೆಡ್‌ಲಿಫ್ಟ್ ಮಾಡಿದರೆ ಸೊಂಟ ಹೋಗುತ್ತದೆ, ಬಿಟ್ಟುಬಿಡು. ಅವರ ಮಾತಿಗಿಂತ ಜಾಸ್ತಿ ನನ್ನನ್ನು ಕಾಡಿದ್ದು ಬೇರೆ. ಎರಡು ವಾರದ ಹಿಂದೆ ಇದೇ ರಾಡಿನಲ್ಲಿ 160 ಕೆಜಿಯನ್ನು ಐದು ಸಲ ಎತ್ತಿದ್ದೆ. ನೋಡಿದವರು ಭಾಳ ಚಲೋ ಫಾರ್ಮ್, ಅಂದರೆ ಎತ್ತುವ ರೀತಿ ಭಾಳ ಚಲೋ, ಅಂದಿದ್ದರು. 20 ಕೆಜಿ ಜಾಸ್ತಿ ಆದದ್ದಕ್ಕೆ ಸೊಂಟ ಹರಿಯಬೇಕೆ? ಆ ಎರಡೂ ದಿನದ ವಿಡಿಯೋ ಮೊಬೈಲಿನಲ್ಲಿತ್ತು. ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ ಅವನ್ನೇ ನೋಡಿದೆ, ನಿಧಾನ ಮಾಡಿ, ನಿಲ್ಲಿಸಿ ನಿಲ್ಲಿಸಿ. ನಾಲ್ಕನೇ ದಿನ ಕಣ್ಣಿಗೆ ಬಿತ್ತು. 180ರಲ್ಲಿ ರಾಡು ನೆಲ ಬಿಡುವ ಮುಂಚೆಯೇ ನನ್ನ ಹಿಂಭಾಗ ಒಂದು ಗೇಣು ಮೇಲೆ ಹೋಗಿತ್ತು. ರಾಡು ಮೊಣಕಾಲ ಕೆಳಗಿನ ಎಲುಬಿನಿಂದ ಮುಂದಕ್ಕೆ ಸರಿದಿತ್ತು. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಆಮೇಲೆ 160ರ ವಿಡಿಯೋ ಹಾಕಿದೆ. ಅದರಲ್ಲೂ ಅದೇ ತಪ್ಪು ಇತ್ತು. ಹಿಂಭಾಗ ನಾಲ್ಕು ಬೆರಳು ಮೊದಲೇ ಏಳುತ್ತಿತ್ತು. 120ರ ಹಳೇ ವಿಡಿಯೋದಲ್ಲಿ ಎರಡು ಬೆರಳು.

ಅಂದರೆ ಆ ತಪ್ಪು ಅವತ್ತು ಹುಟ್ಟಿದ್ದಲ್ಲ. ಕಡಿಮೆ ಭಾರದಲ್ಲಿ ತಪ್ಪನ್ನು ತೋಳಿನ ಬಲ, ವಯಸ್ಸಿನ ಬಲ ಮುಚ್ಚಿಕೊಳ್ಳುತ್ತವೆ. ಭಾರ ಜಾಸ್ತಿಯಾದಾಗ ಮುಚ್ಚಲು ಏನೂ ಉಳಿದಿರುವುದಿಲ್ಲ. ನನ್ನ ಕೆಲಸದಲ್ಲೂ ಹೀಗೇ. ದಿನದ ಖಾತೆಯಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ನಾಳೆ ನೋಡೋಣ ಅನ್ನುತ್ತೇವೆ. ಮಾರ್ಚಿನಲ್ಲಿ ಅದು ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂರುತ್ತೇವೆ.

ತೂಕದ ಕಟ್ಟೆಯ ಹತ್ತಿರ

ಕುರ್ಚಿಯಲ್ಲಿ ಕೂರಲು ಆಗದ ಆ ಮೂರು ವಾರ ನಾನು ತೂಕದ ಕಟ್ಟೆಯ ಹತ್ತಿರ ನಿಂತೇ ಲೆಕ್ಕ ಬರೆದೆ. ಏಳು ವರ್ಷದಿಂದ ಅದೇ ಮಿಲ್ಲಿನಲ್ಲಿದ್ದರೂ ಹಮಾಲರ ಕೆಲಸವನ್ನು ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ನೋಡಿರಲಿಲ್ಲ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಒಬ್ಬ ಹಮಾಲಿ ಅಂಥವನ್ನು ದಿನಕ್ಕೆ ಎಷ್ಟೋ ಹೊರುತ್ತಾನೆ. ಹಲಗೆ ಹತ್ತುತ್ತಾನೆ, ಸಾಲಾಗಿ ಪೇರಿಸಿದ ಚೀಲಗಳ ನಿಟ್ಟಿನ ಮೇಲೆ ಹಾಕುತ್ತಾನೆ, ಇಳಿದು ಬರುತ್ತಾನೆ. ಹಮಾಲರಲ್ಲಿ ಹಿರಿಯ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಕಾಕಾ ಅನ್ನುತ್ತೇವೆ. ಅರವತ್ತು ದಾಟಿದೆ. ಮೈಯಲ್ಲಿ ಮಾಂಸ ಅಂತ ಹೇಳುವಷ್ಟು ಇಲ್ಲ. ನನ್ನ ತೂಕ 82, ಅವರದು 55 ಇದ್ದರೆ ಜಾಸ್ತಿ.

ನೋಡ್ತಾ ನೋಡ್ತಾ ಒಂದು ಸಂಗತಿ ಹೊಳೆಯಿತು. ಅಷ್ಟು ಚೀಲ ಹೊರುವ ಆ ಜನ ಒಂದು ಚೀಲವನ್ನೂ ನೆಲದಿಂದ ಒಬ್ಬರೇ ಎತ್ತುವುದಿಲ್ಲ. ಚೀಲ ನೆಲದ ಮೇಲಿದ್ದರೆ ಇಬ್ಬರು ಆ ಕಡೆ ಈ ಕಡೆ ನಿಂತು ಮೂಲೆ ಹಿಡಿಯುತ್ತಾರೆ. ಹೊರುವವನು ಬೆನ್ನು ಕೊಟ್ಟು ಬಾಗುತ್ತಾನೆ. ಇಬ್ಬರೂ ಎತ್ತಿ ಅವನ ಬೆನ್ನಿನ ಮೇಲಕ್ಕೆ ಸರಿಸುತ್ತಾರೆ. ಚೀಲ ಟ್ರ್ಯಾಕ್ಟರಿನಲ್ಲಿದ್ದರೆ ಇನ್ನೂ ಸುಲಭ. ಡಬ್ಬಿಯ ಅಂಚಿಗೆ ತಂದು ನಿಲ್ಲಿಸಿರುತ್ತಾರೆ. ಇವನು ತಿರುಗಿ ನಿಂತು ಹಾಗೇ ಬೆನ್ನಿಗೆ ತೆಗೆದುಕೊಳ್ಳುತ್ತಾನೆ. ಬಾಗುವ ಮಾತೇ ಇಲ್ಲ.

"ಕಾಕಾ, ಚೀಲ ನೆಲದಿಂದ ಒಬ್ಬರ ಎತ್ತಿದ್ದು ಯಾವಾಗರ ಐತೇನು?" ಅಂತ ಕೇಳಿದೆ.

"ಯಾಕ ಎತ್ತಬೇಕೋ ಮಾರಾಯ?" ಅಂದರು. "ಎತ್ತೋದು ಬ್ಯಾರೆ, ಹೊರೋದು ಬ್ಯಾರೆ. ಹೊರಾಕ ಬೆನ್ನು ಬೇಕು. ಎತ್ತಾಕ ಇನ್ನೊಬ್ಬಂವ ಬೇಕು."

ಬೀಡಿ ಆರಿಸಿ ಎದ್ದು ಹೋದರು. ನನಗೆ ಆ ಮಾತು ಬಿಡಲಿಲ್ಲ. ಹೊರುವಾಗ ಭಾರ ಬೆನ್ನೆಲುಬಿನ ಮೇಲೆಯೇ ಕೂತಿರುತ್ತದೆ, ಸೊಂಟ ಮತ್ತು ಪಾದದ ನೇರಕ್ಕೆ. ಎತ್ತುವಾಗ ಭಾರ ಮುಂದಿರುತ್ತದೆ, ಸೊಂಟ ಹಿಂದಿರುತ್ತದೆ. ನಡುವಿನ ಆ ಅಂತರವೇ ಎಲ್ಲವನ್ನೂ ನಿರ್ಧರಿಸುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನಮ್ಮ ಅವ್ವಂದಿರು ಮೈಲಿ ನಡೆಯುತ್ತಿದ್ದರು. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ ಅಂದರೆ ಯಾರಿಗೂ ಒಂದು ನಿಮಿಷ ಆಗುವುದಿಲ್ಲ. ಕೊಡ ಅದೇ, ನೀರು ಅಷ್ಟೇ.

ಲೆಕ್ಕ ಬರೆಯುವವನಲ್ವಾ, ಅವತ್ತು ಚೀಟಿಯ ಹಿಂದೆ ಲೆಕ್ಕ ಹಾಕಿದೆ. ರಾಡು ಕಾಲಿಗೆ ಅಂಟಿಕೊಂಡಿದ್ದಾಗ ಸೊಂಟದ ಕೀಲಿನಿಂದ ರಾಡಿಗೆ ಅಡ್ಡಡ್ಡ ದೂರ 25 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ರಾಡು ಬರೀ 3 ಸೆಂಟಿಮೀಟರ್ ಮುಂದೆ ಸರಿದರೆ 28 ಆಯಿತು. ನೂರಕ್ಕೆ 12ರಷ್ಟು ಹೆಚ್ಚು. 180 ಕೆಜಿ ರಾಡು ಸೊಂಟಕ್ಕೆ 200 ಕೆಜಿ ದಾಟಿದ ಹಾಗೆ ತಗಲುತ್ತದೆ. ನಾನು ಅವತ್ತು ಪ್ಲೇಟು ಹಾಕದೆಯೇ ಇನ್ನೊಂದು 20 ಕೆಜಿ ಸೇರಿಸಿಕೊಂಡಿದ್ದೆ. ಎರಡು ಬೆರಳಿನ ಅಗಲದಲ್ಲಿ.

ಡೆಡ್‌ಲಿಫ್ಟ್ ಅಂದರೆ ಹಮಾಲರು ಇಬ್ಬರ ಸಹಾಯ ತೆಗೆದುಕೊಂಡು ದಾಟುವ ಆ ಒಂದು ತುಂಡು ಕೆಲಸವನ್ನೇ ಒಬ್ಬರೇ ಮಾಡುವುದು. ಅನುಭವ ಇರುವವರು ಹುಷಾರಾಗಿ ತಪ್ಪಿಸುವ ಜಾಗಕ್ಕೆ ನಾವು ಬೇಕೆಂದೇ ಹೋಗಿ ನಿಲ್ಲುತ್ತೇವೆ. ಹೋಗಬಾರದು ಅಂತ ನಾನು ಹೇಳುವುದಿಲ್ಲ. ಸೊಂಟ, ತೊಡೆಯ ಹಿಂಭಾಗ, ಬೆನ್ನು, ಹಿಡಿತ ಎಲ್ಲವನ್ನೂ ಒಟ್ಟಿಗೆ ಗಟ್ಟಿ ಮಾಡಲು ಇದಕ್ಕಿಂತ ಒಳ್ಳೇ ಕಸರತ್ತು ನಾನು ಕಂಡಿಲ್ಲ. ಆದರೆ ಅಲ್ಲಿಗೆ ಹೋಗುವವನಿಗೆ ತಾನು ಎಲ್ಲಿ ನಿಂತಿದ್ದೇನೆ ಅಂತ ಗೊತ್ತಿರಬೇಕು.

"ನೆಟ್ಟಗೆ" ಅನ್ನುವ ಮಾತು

ನಮ್ಮ ಜಿಮ್ಮುಗಳಲ್ಲಿ ಡೆಡ್‌ಲಿಫ್ಟ್ ಕಲಿಸುವುದು ಎರಡು ಮಾತಿನಲ್ಲಿ: "ಬೆನ್ನು ನೆಟ್ಟಗಿರಲಿ, ಕಾಲಿನಿಂದ ಎತ್ತು." ನನಗೂ ಅಷ್ಟೇ ಹೇಳಿದ್ದರು. ನಾನೂ ಹೊಸಬರಿಗೆ ಅಷ್ಟೇ ಹೇಳಿದ್ದೇನೆ. ಈಗ ನೋಡಿದರೆ ನನ್ನ ತಪ್ಪಿನ ಬೇರು ಆ ಮಾತಿನಲ್ಲೇ ಇತ್ತು. ಕನ್ನಡದಲ್ಲಿ ನೆಟ್ಟಗೆ ಅಂದರೆ ಎರಡು ಅರ್ಥ. ಬಾಗದೆ ಇರುವುದು ಒಂದು. ಸೆಟೆದು ಮೇಲಕ್ಕೆ ನಿಲ್ಲುವುದು ಇನ್ನೊಂದು. ನೆಟ್ಟಗೆ ನಿಲ್ಲು ಅಂದರೆ ಕಂಬದ ಹಾಗೆ ನಿಲ್ಲುತ್ತೇವೆ. ರಾಡಿನ ಮುಂದೆ ಬೆನ್ನು ನೆಟ್ಟಗೆ ಅಂದಾಗ ನಾನು ಎರಡನೇ ಅರ್ಥ ಹಿಡಿದೆ. ಎದೆ ಮೇಲಕ್ಕೆ ಮಾಡಿ, ಹಿಂಭಾಗವನ್ನು ಕುಕ್ಕರಗಾಲಿನಲ್ಲಿ ಕೂತಷ್ಟು ಕೆಳಗಿಳಿಸಿ, ಬಸ್ಕಿಯ ಹಾಗೆ ಎದ್ದೇಳಲು ನೋಡಿದೆ. ಕಡಿಮೆ ಭಾರಕ್ಕೆ ಅದು ನಡೆಯುತ್ತದೆ. ಭಾರ ಜಾಸ್ತಿಯಾದರೆ ದೇಹ ಒಪ್ಪುವುದಿಲ್ಲ. ಎಳೆದ ಕೂಡಲೇ ಹಿಂಭಾಗ ತಾನಾಗಿ ತನಗೆ ಬೇಕಾದ ಎತ್ತರಕ್ಕೆ ಹೋಗುತ್ತದೆ, ರಾಡು ಇನ್ನೂ ನೆಲದ ಮೇಲೇ ಇರುತ್ತದೆ. ಆ ಹೊತ್ತಿಗೆ ಬೆನ್ನಿನ ಬಿಗಿ ಸಡಿಲಾಗಿರುತ್ತದೆ. ನನ್ನ ಒಂದು ಗೇಣು ಬಂದದ್ದು ಹೀಗೆ.

ಗೋಡೆಗೆ ಒರಗಿಸಿದ ಏಣಿ ನೋಡಿ. ಓರೆಯಾಗಿದೆ, ಆದರೆ ಬಾಗಿಲ್ಲ. ಡೆಡ್‌ಲಿಫ್ಟಿನ ಬೆನ್ನು ಆ ಏಣಿಯ ಹಾಗೆ ಇರಬೇಕು. ಮುಂದಕ್ಕೆ ಓರೆಯಾಗುವುದು ತಪ್ಪಲ್ಲ. ಉದ್ದ ತೊಡೆಯ, ಗಿಡ್ಡ ಕೈಯ ಮನುಷ್ಯ ಜಾಸ್ತಿ ಓರೆಯಾಗಲೇಬೇಕು. ಬಾಗುವುದು ಸೊಂಟದ ಕೀಲಿನಿಂದ, ಬೆನ್ನೆಲುಬಿನಿಂದ ಅಲ್ಲ. ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಂಗಸರನ್ನು ನೋಡಿದವರಿಗೆ ಇದು ಗೊತ್ತು. ರೂಢಿ ಇರುವವರು ಸೊಂಟದಲ್ಲೇ ಮಡಚಿಕೊಂಡಿರುತ್ತಾರೆ, ಬೆನ್ನು ಹಲಗೆಯ ಹಾಗಿರುತ್ತದೆ.

ಈಗ ನಾನು ರಾಡಿನ ಮುಂದೆ ನಿಲ್ಲುವುದು ಹೀಗೆ. ರಾಡು ಪಾದದ ನಡುವಿನ ಮೇಲೆ ಬರಬೇಕು. ಪಾದದ ನಡು ಅಂದರೆ ಹಿಮ್ಮಡಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು. ಮೇಲಿನಿಂದ ನೋಡಿದರೆ ಬೂಟಿನ ದಾರದ ಗಂಟಿನ ಹತ್ತಿರ. ಮೊಣಕಾಲ ಕೆಳಗಿನ ಎಲುಬಿನಿಂದ ರಾಡಿಗೆ ಎರಡು ಬೆರಳು ಜಾಗ ಇರುತ್ತದೆ. ಪಾದಗಳ ನಡುವೆ ಸೊಂಟದಷ್ಟು ಅಗಲ. ಮೊದಲು ಮೊಣಕಾಲು ಬಗ್ಗಿಸದೆ ಸೊಂಟದಿಂದ ಬಾಗಿ ರಾಡು ಹಿಡಿಯುತ್ತೇನೆ, ಕೈ ಕಾಲಿನ ಹೊರಗೆ ತಾಗಿಯೂ ತಾಗದ ಹಾಗೆ. ಆಮೇಲೆ ಮೊಣಕಾಲು ಮುಂದೆ ತಂದು ಎಲುಬನ್ನು ರಾಡಿಗೆ ಮುಟ್ಟಿಸುತ್ತೇನೆ. ರಾಡನ್ನು ಎಳೆದುಕೊಳ್ಳುವುದಿಲ್ಲ, ಅದು ಇದ್ದಲ್ಲೇ ಇರಬೇಕು. ಎಲುಬು ಮುಟ್ಟಿತು ಅಂದರೆ ಹಿಂಭಾಗ ಎಷ್ಟು ಇಳಿಯಬೇಕೋ ಅಷ್ಟು ಇಳಿಯಿತು. ಇನ್ನು ಕೆಳಗೆ ಹೋಗುವ ಹಾಗಿಲ್ಲ. ಕೊನೆಗೆ ಎದೆ ಬಿಚ್ಚುತ್ತೇನೆ. ಭುಜ ರಾಡಿಗಿಂತ ಒಂದು ಕೂದಲು ಮುಂದಿರುತ್ತದೆ. ಕಂಕುಳಲ್ಲಿ ಖಾತೆ ಪುಸ್ತಕ ಇಟ್ಟು ಅದು ಬೀಳದ ಹಾಗೆ ಒತ್ತಿ ಹಿಡಿದರೆ ಬೆನ್ನಿನ ಅಗಲ ಸ್ನಾಯು ಬಿಗಿಯಾಗುತ್ತದೆ. ರಾಡನ್ನು ಕಾಲಿಗೆ ಅಂಟಿಸಿಡುವುದು ಆ ಸ್ನಾಯುವೇ. ಆ ಮೂರು ಸೆಂಟಿಮೀಟರ್ ನನಗೆ ವಾಪಸ್ ಸಿಕ್ಕಿದ್ದು ಅಲ್ಲಿ.

ಸಣ್ಣ ಊರಿನ ಜಿಮ್ಮಿನವರಿಗೆ ಒಂದು ಮಾತು. ಸ್ಪರ್ಧೆಯ ಪ್ಲೇಟು 45 ಸೆಂಟಿಮೀಟರ್ ಅಗಲ ಇರುತ್ತವೆ, ಹಾಗಾಗಿ ರಾಡು ನೆಲದಿಂದ 22.5 ಸೆಂಟಿಮೀಟರ್ ಎತ್ತರ ಇರುತ್ತದೆ. ನಮ್ಮ ಜಿಮ್ಮಿನ 20ರ ಕಬ್ಬಿಣದ ಪ್ಲೇಟು ಟೇಪು ಹಿಡಿದು ಅಳೆದರೆ 40 ಬಂತು. ಅಂದರೆ ರಾಡು ಎರಡೂವರೆ ಸೆಂಟಿಮೀಟರ್ ಕೆಳಗಿದೆ. ಅಷ್ಟು ಕೆಳಗಿಳಿಯಲು ನನ್ನ ತೊಡೆಯ ಹಿಂಭಾಗದ ಸ್ನಾಯು ಬಿಡುತ್ತಿರಲಿಲ್ಲ, ಬೆನ್ನು ಬಾಗಿ ಆ ಕೊರತೆ ತುಂಬುತ್ತಿತ್ತು. ಈಗ ಎರಡೂ ಕಡೆ ಒಂದೊಂದು ಪ್ಲೈವುಡ್ ಹಲಗೆ ಇಡುತ್ತೇವೆ. ಮೆತ್ತನೆಯ ಓಡುವ ಬೂಟನ್ನೂ ಬಿಟ್ಟೆ. ಬರಿಗಾಲು, ಇಲ್ಲವೇ ಚಪ್ಪಟೆ ತಳದ ಬೂಟು.

ತುಂಬಿದ ಚೀಲ

ಗೋದಾಮಿನಲ್ಲಿ ತುಂಬಿ ಹೊಲಿದ ಚೀಲ ಗೋಡೆಯ ಆಸರೆ ಇಲ್ಲದೆ ನಿಲ್ಲುತ್ತದೆ. ಅರ್ಧ ತುಂಬಿದ ಚೀಲ ನಡುವಿನಲ್ಲಿ ಮುರಿದು ಬೀಳುತ್ತದೆ. ಗೋಣಿ ಎರಡೂ ಒಂದೇ. ಒಳಗಿನ ಒತ್ತಡ ಬೇರೆ. ಹೊಟ್ಟೆ ಬಿಗಿ ಮಾಡು ಅನ್ನುವುದರ ಅರ್ಥ ನನಗೆ ಸರಿಯಾಗಿ ಆದದ್ದು ಇದನ್ನು ನೋಡಿ. ಬೆನ್ನೆಲುಬಿನ ಮುಂದೆ ಹೊಟ್ಟೆ ಇದೆ. ಅದನ್ನು ಗಾಳಿಯಿಂದ ತುಂಬಿ ಸುತ್ತಲೂ ಬಿಗಿದರೆ ಬೆನ್ನಿಗೆ ಒಳಗಿನಿಂದ ಆಸರೆ ಸಿಗುತ್ತದೆ.

ನಾನು ಮುಂಚೆ ಉಸಿರನ್ನು ಎದೆಗೆ ತುಂಬುತ್ತಿದ್ದೆ, ಭುಜ ಮೇಲೆ ಹೋಗುತ್ತಿತ್ತು. ಅದು ಬೇಡ. ಉಸಿರು ಹೊಟ್ಟೆಗೆ ಇಳಿಯಬೇಕು. ಎರಡೂ ಕೈ ಪಕ್ಕೆಯ ಕೆಳಗೆ ಇಟ್ಟು ನೋಡಿ. ಉಸಿರೆಳೆದಾಗ ಮುಂದೆ ಅಷ್ಟೇ ಅಲ್ಲ, ಪಕ್ಕಕ್ಕೂ ಸೊಂಟದ ಹಿಂದಕ್ಕೂ ಉಬ್ಬಬೇಕು. ಆಮೇಲೆ ಯಾರೋ ಹೊಟ್ಟೆಗೆ ಗುದ್ದಲು ಬಂದಾಗ ಬಿಗಿಯುತ್ತೇವಲ್ಲ, ಹಾಗೆ ಬಿಗಿದು ಹಿಡಿಯಬೇಕು. ರಾಡು ಮೇಲೆ ಬರುವತನಕ ಬಿಡಬಾರದು. ಬೆಲ್ಟ್ ಕಟ್ಟುವುದೂ ಇದಕ್ಕೇ. ಬೆಲ್ಟ್ ತಾನೇ ಸೊಂಟ ಹಿಡಿಯುವುದಿಲ್ಲ, ಹೊಟ್ಟೆ ಅದನ್ನು ಒತ್ತಿದಾಗ ಮಾತ್ರ ಕೆಲಸ ಮಾಡುತ್ತದೆ. ಉಸಿರು ಬಿಗಿ ಹಿಡಿದಾಗ ರಕ್ತದೊತ್ತಡ ಒಮ್ಮೆಲೇ ಜೋರಾಗಿ ಏರುತ್ತದೆ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರುವವರು ಡಾಕ್ಟರನ್ನು ಕೇಳದೆ ಭಾರದ ಹತ್ತಿರ ಹೋಗಲೇಬಾರದು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಬೇಜಾರಾದರೂ ಹೇಳುತ್ತೇನೆ.

ಟಕ್ ಅನ್ನುವತನಕ

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದೆ. ಹುಡುಗನಿದ್ದಾಗ ಸೋದರಮಾವನ ಹೆಗಲ ಮೇಲೆ ಕೂತು ನೋಡಿದ್ದೆ. ಟನ್ನುಗಟ್ಟಲೆ ತೂಕದ ಕಲ್ಲು, ಅದಕ್ಕೆ ಸರಪಳಿ, ಸರಪಳಿಗೆ ನೊಗ. ಒಂದು ಜೋಡಿ ಬಂತು, ಮೈ ತುಂಬಿಕೊಂಡ ಎತ್ತುಗಳು. ಬಾರುಕೋಲು ಬೀಸಿದ ಕೂಡಲೇ ಮುಂದಕ್ಕೆ ಜಿಗಿದವು. ಸಡಿಲವಾಗಿದ್ದ ಸರಪಳಿ ಝಲ್ ಅಂತ ಬಿಗಿಯಾಯಿತು, ನೊಗ ಹಿಂದಕ್ಕೆ ಎಳೆಯಿತು. ಒಂದು ಎತ್ತಿನ ಮೊಣಕಾಲು ಮಣ್ಣಿಗೆ ಬಡಿಯಿತು. ಕಲ್ಲು ಅಲ್ಲಾಡಲಿಲ್ಲ. ಇನ್ನೊಂದು ಜೋಡಿಯವನು ಬಾರುಕೋಲು ಎತ್ತಲೇ ಇಲ್ಲ. ಎತ್ತುಗಳನ್ನು ಹೆಜ್ಜೆ ಹೆಜ್ಜೆ ಮುಂದೆ ನಡೆಸಿದ. ಸರಪಳಿ ನೆಲ ಬಿಟ್ಟು ಮೇಲೆದ್ದಿತು, ಬಿಗಿಯಾಯಿತು. ಎತ್ತುಗಳು ನೊಗಕ್ಕೆ ಹೆಗಲು ಕೊಟ್ಟು ಒಂದು ಗಳಿಗೆ ಹಾಗೇ ನಿಂತವು, ತೊಡೆ ನಡುಗುತ್ತಿದ್ದವು. ಆಮೇಲೆ ಅವನು ಕೂಗಿದ. ಕಲ್ಲು ಕರಕರ ಅಂತ ಹೊರಟಿತು. ಮಾವ ಕೆಳಗಿನಿಂದ "ನೋಡಲೇ, ನೋಡಲೇ" ಅಂತ ನನ್ನ ಕಾಲು ಅಲ್ಲಾಡಿಸುತ್ತಿದ್ದ.

ರಾಡಿನಲ್ಲೂ ಆ ಸಡಿಲು ಇದೆ. ಪ್ಲೇಟಿನ ತೂತಿಗೂ ರಾಡಿನ ತುದಿಗೂ ನಡುವೆ ಕೂದಲಿನಷ್ಟು ಜಾಗ ಇರುತ್ತದೆ. ರಾಡು ಸ್ವಲ್ಪ ಬಾಗುತ್ತದೆ. ನಮ್ಮ ತೋಳು, ಬೆನ್ನು, ಸೊಂಟದಲ್ಲೂ ಸಡಿಲು ಇರುತ್ತದೆ. ಆ ಸಡಿಲು ಇರುವಾಗಲೇ ಜಗ್ಗಿದರೆ ಭಾರ ಒಮ್ಮೆಲೇ ಬಂದು ಬೆನ್ನಿಗೆ ಹೊಡೆಯುತ್ತದೆ, ಬಿಗಿದಿದ್ದ ಬೆನ್ನು ಅಲ್ಲೇ ಬಾಗುತ್ತದೆ. ಅದಕ್ಕೆ ಮೊದಲು ಸುಮ್ನೆ ಎಳೆಯಬೇಕು. 180 ಇದ್ದರೆ ಒಂದು 60-70 ಕೆಜಿಯಷ್ಟು ಬಲ ಹಾಕಬೇಕು. ತೋಳು ಹಗ್ಗದ ಹಾಗೆ ನೇರವಾಗುತ್ತದೆ. ರಾಡು ಮೇಲೆದ್ದು ಪ್ಲೇಟಿನ ತೂತಿನ ಮೇಲಂಚಿಗೆ ತಾಗಿ ಟಕ್ ಅನ್ನುತ್ತದೆ. ಆ ಸದ್ದು ಬರುವವರೆಗೆ ಎತ್ತುವ ಯೋಚನೆಯೇ ಬೇಡ. ಸದ್ದು ಬಂದ ಮೇಲೆ ರಾಡನ್ನು ಮೇಲಕ್ಕೆ ಎಳೆಯುತ್ತೇನೆ ಅನ್ನುವುದಕ್ಕಿಂತ ಪಾದದಿಂದ ನೆಲವನ್ನು ಕೆಳಗೆ ದೂಡುತ್ತೇನೆ ಅಂದುಕೊಂಡರೆ ಹಿಂಭಾಗ ಮತ್ತು ಎದೆ ಒಟ್ಟಿಗೆ ಏಳುತ್ತವೆ. ರಾಡು ಮೊಣಕಾಲು ದಾಟಿದ ಮೇಲೆ ಸೊಂಟವನ್ನು ರಾಡಿನ ಕಡೆಗೆ ತಂದು ನೇರ ನಿಂತರೆ ಮುಗಿಯಿತು. ಹಿಂದಕ್ಕೆ ಬಾಗಿ ತೋರಿಸಬೇಕಾಗಿಲ್ಲ.

ತೋಳಿನ ಬಗ್ಗೆ ಒಂದು ಎಚ್ಚರಿಕೆ. ಭಾರ ಜಾಸ್ತಿಯಾದಾಗ ಒಂದು ಕೈ ಮೇಲ್ಮುಖ, ಒಂದು ಕೈ ಕೆಳಮುಖ ಹಿಡಿಯುವವರು ಬಹಳ. ರಾಡು ಉರುಳಿ ಜಾರುವುದಿಲ್ಲ ಅನ್ನುವುದು ನಿಜ. ಆದರೆ ಅಂಗೈ ಮುಂದಕ್ಕಿರುವ ಆ ತೋಳನ್ನು ಮೊಣಕೈಯಲ್ಲಿ ಬಗ್ಗಿಸಿ ಜಗ್ಗಿದರೆ ಬೈಸೆಪ್ಸಿನ ನಾರು ಕಿತ್ತು ಬರಬಹುದು. ಆಪರೇಷನ್‌ವರೆಗೆ ಹೋಗುವ ಗಾಯ ಅದು. ನಾನು ಚಾಕ್ ಪುಡಿ ಹಚ್ಚಿ ಎರಡೂ ಕೈ ಒಂದೇ ಕಡೆ ಹಿಡಿಯುತ್ತೇನೆ, ಹೆಬ್ಬೆರಳನ್ನು ಉಳಿದ ಬೆರಳುಗಳ ಒಳಗೆ ಸಿಕ್ಕಿಸಿ. ಮೊದಲ ತಿಂಗಳು ಹೆಬ್ಬೆರಳು ಜೀವ ಹಿಂಡುತ್ತದೆ. ಆಮೇಲೆ ಒಗ್ಗುತ್ತದೆ.

ದೊಡ್ಡ ದೊಡ್ಡ ಲಿಫ್ಟರುಗಳ ಬೆನ್ನು ಬಾಗಿರುತ್ತದಲ್ಲ ಅಂತ ಹುಡುಗರು ಮೊಬೈಲ್ ತೋರಿಸುತ್ತಾರೆ. ಎಡ್ಡಿ ಹಾಲ್ 2016ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ 500 ಕೆಜಿ ಎತ್ತಿದರು. ಐಸ್‌ಲ್ಯಾಂಡಿನ ಹಾಫ್ಥೋರ್ ಬ್ಯೋರ್ನ್ಸನ್ 2020ರಲ್ಲಿ 501, 2025ರಲ್ಲಿ 510 ಎತ್ತಿದರು. ಅಷ್ಟು ಭಾರದಲ್ಲಿ ಬೆನ್ನಿನ ಮೇಲ್ಭಾಗ ಸ್ವಲ್ಪ ಗುಂಡಗಾಗುವುದು ಸಹಜ. ಅಮೆರಿಕದ ಲಮಾರ್ ಗ್ಯಾಂಟ್ ಅವರಿಗಂತೂ ಬೆನ್ನೆಲುಬೇ ಪಕ್ಕಕ್ಕೆ ಬಾಗಿತ್ತು. ಅವರು ತಮ್ಮ ಮೈತೂಕದ ಐದು ಪಟ್ಟು ಎತ್ತಿದರು. ನಾನು ಹುಡುಗರಿಗೆ ಹೇಳುವುದು ಇಷ್ಟು. ಶುರುವಿನಲ್ಲಿ ಸೊಂಟ ಯಾವ ಆಕಾರದಲ್ಲಿತ್ತೋ ಕೊನೆಯವರೆಗೆ ಅದೇ ಆಕಾರದಲ್ಲಿ ಇತ್ತಾ ನೋಡು. ಭಾರ ಕೈಯಲ್ಲಿರುವಾಗ ಸೊಂಟದ ಎಲುಬು ಜಾಗ ಬದಲಿಸುವುದೇ ಹೆಚ್ಚು ಕಷ್ಟ ಕೊಡುವುದು. ಅಲ್ಲದೆ ಅವರು ಅಲ್ಲಿಗೆ ತಲುಪಲು ಎಷ್ಟು ವರ್ಷ ತೆಗೆದುಕೊಂಡರು ಅನ್ನುವುದು ಆ ಒಂದು ನಿಮಿಷದ ವಿಡಿಯೋದಲ್ಲಿ ಇರುವುದಿಲ್ಲ.

ಬಿಟ್ಟ ದಿನ

ಜನವರಿ ಕೊನೆಗೆ ಅಂಜನಾದ್ರಿ ಹತ್ತಿದೆ. ಇಳಿಯುವಾಗಲೂ ನೋವು ಬರಲಿಲ್ಲ. ಆ ವಾರವೇ ರಾಡಿಗೆ ಹೋದೆ, 40 ಕೆಜಿ ಹಾಕಿ. ಯುಗಾದಿ ಹೊತ್ತಿಗೆ 100, ಮಳೆಗಾಲದಲ್ಲಿ 150. ಪ್ರತಿ ಸಲ ಪಕ್ಕದಿಂದ ವಿಡಿಯೋ. ಹಿಂಭಾಗ ರಾಡಿಗಿಂತ ಮೊದಲು ಎರಡು ಬೆರಳು ಎದ್ದರೂ ಆ ವಾರ ಭಾರ ಏರಿಸುತ್ತಿರಲಿಲ್ಲ. ವಾರಕ್ಕೆ ಒಂದೇ ದಿನ ಭಾರದ ಡೆಡ್‌ಲಿಫ್ಟ್, ಸೆಟ್ಟಿನ ನಡುವೆ ನಾಲ್ಕೈದು ನಿಮಿಷ ವಿಶ್ರಾಂತಿ. ತೀರಾ ಭಾರ ಇದ್ದರೆ ಒಂದು ಸೆಟ್ಟಿನಲ್ಲಿ ಒಂದೇ ಸಲ ಎತ್ತುವುದು. ಆಗಸ್ಟಿನಲ್ಲಿ ಅದೇ 180 ಬಂತು. ವಿಡಿಯೋದಲ್ಲಿ ಏಣಿಯ ಹಾಗಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ 190 ಇಟ್ಟೆ. 60, 100, 140, 165, 178 ಎಲ್ಲ ಸಲೀಸಾಗಿ ಬಂದಿದ್ದವು. ಹುಡುಗರು ಸುತ್ತ ನಿಂತಿದ್ದರು. ಉಸಿರು ತುಂಬಿದೆ, ಸಡಿಲು ಎಳೆದೆ. ಟಕ್ ಅಂತು. ದೂಡಿದೆ. ರಾಡು ಅಲ್ಲಾಡುವ ಮುಂಚೆ ಹಿಂಭಾಗ ಮೇಲೆ ಹೋಗುವುದು ಗೊತ್ತಾಯಿತು. ಹೋದ ವರ್ಷ ಅದು ಗೊತ್ತೇ ಆಗಿರಲಿಲ್ಲ, ವಿಡಿಯೋ ನೋಡಿ ಕಂಡದ್ದು. ಈ ಸಲ ಆಗುವಾಗಲೇ ಮೈಗೆ ಗೊತ್ತಾಯಿತು. ಕೈ ಬಿಟ್ಟೆ, ಎದ್ದು ನಿಂತೆ.

"ಅಣ್ಣಾ, ಬರ್ತಿತ್ತಲ್ಲ! ಇನ್ನೊಂದೀಟು ಜಗ್ಗಿದ್ರ ಬರ್ತಿತ್ತು" ಅಂದ ಒಬ್ಬ.

ಬರುತ್ತಿತ್ತೇನೋ. ನಾನು ಪ್ಲೇಟು ಇಳಿಸಿದೆ. ಇಳಿಸುವಾಗಲೂ ಒಂದೊಂದೇ, ಮೈಗೆ ಹತ್ತಿರ ಹಿಡಿದು. ಅವತ್ತಿನ ಹಿಂದಿನ ಎರಡು ರಾತ್ರಿ ಮಗಳಿಗೆ ಜ್ವರ ಇತ್ತು, ನಿದ್ದೆ ಇರಲಿಲ್ಲ. ಹೋದ ಡಿಸೆಂಬರಿನಲ್ಲೂ ಸುಗ್ಗಿಯ ನಿದ್ದೆಗೇಡು ಇತ್ತು, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಕ್ಟೋಬರಿನಲ್ಲಿ 190 ಬಂತು. 200 ಇನ್ನೂ ಇಟ್ಟಿಲ್ಲ.

ದೀಪಾವಳಿ ಕಳೆದು ಹೊಸ ಭತ್ತ ಬರಲು ಶುರುವಾಗಿದೆ. ಮೊನ್ನೆ ಬೆಳಿಗ್ಗೆ ಇಬ್ಬರು ಹಮಾಲರು ಬಂದಿರಲಿಲ್ಲ. ತೂಕ ಮುಗಿದ ಒಂದು ಚೀಲ ಕಟ್ಟೆಯಿಂದ ಉರುಳಿ ನೆಲಕ್ಕೆ ಬಿದ್ದಿತ್ತು. ಕಾಕಾ ಅದರ ಹತ್ತಿರ ನಿಂತು ಅತ್ತಿತ್ತ ನೋಡಿದರು. ಒಬ್ಬ ಹುಡುಗ ಆಗಲೇ ಒಂದು ಮೂಲೆ ಹಿಡಿದಿದ್ದ.

"ಏ ಲೆಕ್ಕದಂವಾ, ಬಾ ಇಲ್ಲಿ. ಆ ಕಡೆ ಹಿಡಿ" ಅಂದರು.

ಪೆನ್ನು ಕಿಸೆಗಿಟ್ಟು ಹೋದೆ. ಗೋಣಿಯ ಮೂಲೆಯಲ್ಲಿ ಹಿಡಿತ ಸಿಗುವುದಿಲ್ಲ, ಬೆರಳು ಜಾರುತ್ತವೆ. ಬಟ್ಟೆ ಸುತ್ತಿ ಮುಷ್ಟಿ ಮಾಡಬೇಕು ಅಂತ ಆ ಹುಡುಗ ತೋರಿಸಿದ. ಪಾದ ಚೀಲದ ಹತ್ತಿರ ತಂದೆ. ಸೊಂಟದಿಂದ ಬಾಗಿದೆ. ಕಾಕಾ ಟವೆಲ್ ತಲೆಗೆ ಸುತ್ತಿ, ಬೆನ್ನು ತಿರುಗಿಸಿ, ಎರಡೂ ಕೈ ಮೊಣಕಾಲಿಗೆ ಊರಿ ನಿಂತರು.

"ಈಗs ಎತ್ತಬ್ಯಾಡ. ಹೂಂ ಅಂದಮ್ಯಾಲೆ."

ಇಬ್ಬರೂ ಮೂಲೆ ಬಿಗಿಯಾಗುವಷ್ಟು ಎಳೆದು ಕಾದೆವು. ಹೂಂ ಅಂದರು. ಎತ್ತಿದೆವು. ಚೀಲ ಅವರ ಬೆನ್ನಿಗೆ ಕೂತಿತು. ಒಮ್ಮೆ ಭುಜ ಅಲ್ಲಾಡಿಸಿ ಅದನ್ನು ನಡುವಿಗೆ ತಂದುಕೊಂಡು, ಹಲಗೆ ಹತ್ತಿ ಹೋದರು.